ಹಜೇರಿ ಮಂದಿಗೊಂದು ರೂಲ್, ಪಗಾರದೋರಿಗೊಂದು ರೂಲ್ ಇದ್ರ ಏನು ಕೇಳ್ಬೇಕು, ಹೆಂಗ ಕೇಳ್ಬೇಕು

ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾ ಆಗ್ಲಿ, ಹುಮನಾಬಾದ ಆಗ್ಲಿ, ಯಾದಗಿರಿ ಕಡಿ ಕಡೇಚೂರ ಆಗ್ಲಿ, ಯಾವ ಮಿಲ್ಲಿನ ಗೇಟ್ ಒಳಗ ಹೋದ್ರೂ ಎರಡು ಥರದ ಮಂದಿ ಇರ್ತಾರ, ತಿಂಗಳ ಪಗಾರದೋರು ಮತ್ತ ಹಜೇರಿ ಮ್ಯಾಲ ಬರೋರು, ಅಂದ್ರ ಬಂದ ದಿನಕ್ಕಷ್ಟೇ ಕೂಲಿ ಸಿಗೋರು. ಪಗಾರದಾಂವ ಕಾಲು ತಾಸು ತಡ ಮಾಡಿ ಬಂದ್ರ ಚಾ ಕುಡಿದ್ರೇನು ಅಂತ ಕೇಳ್ತಾರ, ಹಜೇರಿ ಮನಷ್ಯಾ ಅಷ್ಟೇ ತಡ ಮಾಡಿದ್ರ ಅರ್ಧ ಹಜೇರಿ ಕಟ್. ಹಂಗಂತ ಪಗಾರದೋರು ಭಾಳ ಆರಾಮ ಇದ್ದಾರಂತಲ್ಲ ಮತ್ತ, ತೊಗರಿ ಸೀಜನ್‌ನ್ಯಾಗ ಮಾಲು ಬರ್ಲಾಕ ಶುರು ಆಯ್ತಂದ್ರ ಬಿಲ್ಲಿಂಗ್ ಹುಡುಗ ರಾತ್ರಿ ಹತ್ತರ ತನಕಾ ಕುಂತಿರ್ತಾನ, ಓಟಿ (ಹೆಚ್ಚಿನ ತಾಸಿನ ರೊಕ್ಕ) ಕೇಳಿದ್ರ "ನೀ ಪಗಾರದಾಂವ ಅಲ್ಲೇನಪಾ" ಅಂದು ಬಿಡ್ತಾರ.

ನಾ ಮಸ್ಟರ್ (ಹಾಜರಿ ಪುಸ್ತಕ), ಪಿಎಫ್ (ಭವಿಷ್ಯ ನಿಧಿ) ಕೆಲಸ ಮಾಡೋನು. ಎರಡೂ ಕಡಿ ಮಂದಿ ಬಂದು ಇದನ್ನೇ ಕೇಳ್ತಾರ, ಅದಕ್ಕ ಒಮ್ಮೆ ಕುಂತು ಬರೀಲತ್ತೀನಿ. ಮೊದ್ಲು ಒಂದು ಮಾತು ತಲಿಯೊಳಗ ಇಟ್ಕೋರಿ. ದಿನದ ಲೆಕ್ಕ, ತಿಂಗಳ ಲೆಕ್ಕ ಅನ್ನೋದು ರೊಕ್ಕ ಎಣಿಸೋ ಪದ್ಧತಿ ಅಷ್ಟ. ಓಟಿ ಯಾರಿಗಿ, ಸೂಟಿ ಯಾರಿಗಿ, ಪಿಎಫ್ ಯಾರಿಗಿ ಅಂತ ನಮ್ಮ ಕಾಯ್ದೆ ನೋಡೋದು ಅವರು ಏನು ಕೆಲಸ ಮಾಡ್ತಾರ, ಎಷ್ಟು ದಿನ ಮಾಡ್ಯಾರ, ಎಷ್ಟು ರೊಕ್ಕ ತಗೋತಾರ ಅನ್ನೋದನ್ನ. ಫೋನ್‌ದಾಗ ಹುಡುಕಿದ್ರ "ಸ್ಯಾಲರಿ ಇದ್ದೋರಿಗಿ ಓಟಿ ಇಲ್ಲ" ಅಂತ ಬರ್ತದಲ್ಲ, ಅದು ಅಮೆರಿಕದ ಮಾತು. ಅಲ್ಲಿ 1938ರ ಕಾಯ್ದೆ ಪ್ರಕಾರ ವಾರಕ್ಕ 40 ತಾಸು ಮೀರಿದ್ರ ಒಂದೂವರಿ ಪಟ್ಟು, ಆದ್ರ ಸ್ಯಾಲರಿ ಮ್ಯಾಲ ಮ್ಯಾನೇಜರ್ ಥರದ ಕೆಲಸ ಮಾಡೋರನ್ನ ಅದ್ರಿಂದ ಹೊರಗ ಇಟ್ಟಾರ. ಅದನ್ನ ಓದ್ಕೊಂಡು ಬಂದ ಎಚ್‌ಆರ್ ಹುಡುಗರು ಇಲ್ಲಿ ದಾಲ್ ಮಿಲ್ಲಿಗೂ ಅದೇ ರೂಲ್ ಹಚ್ಚಿದ್ರ ಹೆಂಗ್ರಿ?

ಇನ್ನೊಂದು, 2025 ನವೆಂಬರ್ 21ಕ್ಕ ನಾಕು ಲೇಬರ್ ಕೋಡ್ (ಹಳೇ ಕಾರ್ಮಿಕ ಕಾಯ್ದೆ ಕೂಡ್ಸಿ ಮಾಡಿದ ಕೇಂದ್ರದ ಹೊಸ ಕಾಯ್ದೆ) ಜಾರಿ ಆಗ್ಯಾವ. ಹಳೇ ವೇತನ ಪಾವತಿ ಕಾಯ್ದೆ, ಕನಿಷ್ಠ ವೇತನ ಕಾಯ್ದೆ ಎಲ್ಲ ಈಗ ವೇತನ ಸಂಹಿತೆ ಅನ್ನೋದ್ರಾಗ ಸೇರ್ಯಾವ. ಗಾಬರಿ ಬ್ಯಾಡ, ತಡ ಬಂದದ್ದಕ್ಕ ಕಟ್, ದಂಡ, ಡಬಲ್ ಓಟಿ, ಇವು ಹಳೇದ್ರಾಗೂ ಇದ್ವು, ಹೊಸದ್ರಾಗೂ ಅವ.

ಕೆಲಸ ಶುರು ಮಾಡೋದು ಒಂದು ನೋಟ್‌ಬುಕ್‌ನಿಂದ. ಸಾಹುಕಾರ್ರ ಮುಂದ ಹೋಗಿ "ನಮಗ ಅನ್ಯಾಯ ಆಗ್ಲತ್ತದ" ಅಂದ್ರ ಅವ್ರು ಎರಡು ನಿಮಿಷದಾಗ ನಿಮ್ಮನ್ನ ಹೊರಗ ಕಳಿಸ್ತಾರ, ಯಾಕಂದ್ರ ಕೈಯಾಗ ಏನೂ ಇಲ್ಲ. ಒಂದು ತಿಂಗಳು ತಾರೀಖು, ಬಂದ ಟೈಮ್, ಹೋದ ಟೈಮ್, ಏನು ಕಟ್ ಮಾಡಿದ್ರು, ಯಾರು ಬಾಯಿಲೆ ಏನಂದ್ರು, ಎಲ್ಲಾ ಬರೀರಿ. ಥಂಬ್ ಮಶೀನ್ ಟೈಮ್ ತೋರಿಸ್ತದಂದ್ರ ಫೋಟೋ ಹೊಡ್ಕೋರಿ. ಬ್ಯಾಂಕ್ ಮೆಸೇಜ್ ಅಳಿಸ್ಬ್ಯಾಡ್ರಿ. ಮಗ್ಗಲದ ಪುಟದಾಗ ಪಗಾರದೋರಿಗಿ ಅದೇ ವಿಷಯಕ್ಕ ಏನು ರೂಲ್ ಅದ ಅಂತ ಬರೀರಿ, ಅವ್ರನ್ನೇ ಕೇಳ್ರಿ, ದೋಸ್ತಿ ಇದ್ರ ಹೇಳ್ತಾರ.

ಆಮ್ಯಾಲ ಆ ಪಟ್ಟಿ ಜರಡಿ ಹಿಡೀಬೇಕು. ಎಲ್ಲಾ ಫರಕೂ ಅನ್ಯಾಯ ಅಲ್ಲ. ನಿಮ್ಮ ಸ್ವಂತ ಕೆಲಸಕ್ಕ ಊರಿಗಿ ಹೋದ್ರಿ, ಆ ದಿನ ಹಜೇರಿ ಬೀಳ್ಲಿಲ್ಲ, ಅದು ಸರಿನೇ ಅದ. ಆಫೀಸಿನೋರು ಹತ್ತಕ್ಕ ಬರ್ತಾರ ನಾವು ಎಂಟಕ್ಕ ಬರ್ತೀವಿ, ಅದೂ ಕೆಲಸದ ಸ್ವಭಾವ. ಇಂಥವಕ್ಕ ಜಗಳ ಹಚ್ಚಿದ್ರ ಖರೇ ಇರೋ ವಿಷಯನೂ ಹಾಳಾಗ್ತದ.

ಖರೇ ಇರೋ ವಿಷಯ ಅಂದ್ರ ಮೊದ್ಲನೇದು ಈ ಅರ್ಧ ಹಜೇರಿ ಕಟ್. ವೇತನ ಸಂಹಿತೆ 20ನೇ ಸೆಕ್ಷನ್ ಪ್ರಕಾರ ಎಷ್ಟು ಹೊತ್ತು ಗೈರು ಇದ್ರೋ ಅಷ್ಟರ ಲೆಕ್ಕದ ರೊಕ್ಕ ಮಾತ್ರ ಕಟ್ ಮಾಡ್ಬಹುದು. ನಿಮ್ಮ ಹಜೇರಿ 500 ರೂಪಾಯಿ, ಎಂಟು ತಾಸಿನ ಕೆಲಸ ಅಂತ ಹಿಡೀರಿ (ಸುಮ್ಮ ಲೆಕ್ಕಕ್ಕ ಹೇಳ್ಲತ್ತೀನಿ, ಸರ್ಕಾರಿ ರೇಟ್ ಅಲ್ಲ). ತಾಸಿಗಿ 62 ರೂಪಾಯಿ 50 ಪೈಸೆ, ಹದಿನೈದು ನಿಮಿಷಕ್ಕ 16 ರೂಪಾಯಿ ಸುತ್ತ. ಇವ್ರು ಕಟ್ ಮಾಡೋದು 250. ಉಳಿದಿದ್ದು ದಂಡ ಅಂತ ಅಂದ್ರ ದಂಡಕ್ಕ ಬ್ಯಾರೆ ರೂಲ್ ಅವ, 19ನೇ ಸೆಕ್ಷನ್: ಯಾವ ತಪ್ಪಿಗಿ ದಂಡ ಅಂತ ಮೊದ್ಲೇ ನೋಟಿಸ್ ಹಚ್ಚಿರ್ಬೇಕು, ನಿಮ್ಮ ಮಾತು ಕೇಳ್ಬೇಕು, ಆ ಅವಧಿ ಪಗಾರದ ನೂರಕ್ಕ 3ಕ್ಕಿಂತ ಜಾಸ್ತಿ ಇರಬಾರ್ದು, ರಿಜಿಸ್ಟರ್‌ದಾಗ ಬರೀಬೇಕು, ಆ ರೊಕ್ಕ ಕೆಲಸಗಾರರ ಒಳ್ಳೇದಕ್ಕೇ ಖರ್ಚು ಮಾಡ್ಬೇಕು. ದಂಡದ ರಿಜಿಸ್ಟರ್ ತೋರಿಸ್ರಿ ಅಂತ ಮೆಲ್ಲಕ ಕೇಳಿ ನೋಡ್ರಿ, ಬಹಳ ಕಡಿ ಅದು ಇರಂಗೇ ಇಲ್ಲ.

ಎರಡನೇದು ನಮ್ಮ ಕಡಿ ದಿನಾ ಆಗೋದು, ಕರೆಂಟ್ ಹೋಯ್ತು ಇಲ್ಲಾ ಮಾಲು ಬರ್ಲಿಲ್ಲ ಅಂತ ಹನ್ನೊಂದಕ್ಕ "ಮನಿಗಿ ಹೋಗ್ರಿ" ಅಂತ ಕಳಿಸೋದು. ಪಗಾರದೋರು ಫ್ಯಾನ್ ಇಲ್ಲದಂಗ ಕುಂತ್ರೂ ಅವ್ರ ದಿನ ಪೂರ್ತಿ, ಹಜೇರಿ ಮಂದಿಗಿ ಮೂರು ತಾಸಿನ ರೊಕ್ಕ. ಕಾಯ್ದೆ ಹಿಂಗ ಹೇಳಂಗಿಲ್ಲ. ನೀವು ಕೆಲಸಕ್ಕ ಬಂದೀರಿ, ಮಾಡ್ಲಾಕ ತಯಾರ ಇದ್ದೀರಿ, ಮಾಲಕರ ಕಡಿಂದ ಕೆಲಸ ಸಿಗ್ಲಿಲ್ಲ ಅಂದ್ರ ಪೂರ್ತಿ ದಿನದ ಕೂಲಿ ಸಿಗ್ಬೇಕು, ಅದೇ ವೇತನ ಸಂಹಿತೆ 10ನೇ ಸೆಕ್ಷನ್. ಹಳೇ 1948ರ ಕನಿಷ್ಠ ವೇತನ ಕಾಯ್ದೆದಾಗೂ ಇದೇ ಇತ್ತು. ಆದ್ರ ಇಲ್ಲಿ ಒಂದು ಜಾಣತನ ಬೇಕು, "ಹೋಗ್ರಿ" ಅಂದ ಕೂಡ್ಲೇ ಖುಷಿಲೆ ಬುತ್ತಿ ಎತ್ಕೊಂಡು ಹೊಂಟ್ರ ಇವ್ನೇ ಹೋದ ಅಂತ ಬರೀತಾರ. "ನಾವು ಇರ್ತೀವ್ರಿ, ಬ್ಯಾರೆ ಕೆಲಸ ಇದ್ರ ಹೇಳ್ರಿ" ಅಂತ ನಾಕು ಮಂದಿ ಮುಂದ ಹೇಳ್ರಿ, ಆಮ್ಯಾಲ ಹೋಗ್ರಿ, ಹೋದ ಟೈಮ್ ಬರ್ಕೋರಿ.

ಮೂರನೇದು ಲೆಕ್ಕದ ಆಟ. ಕರ್ನಾಟಕದಾಗ ಕನಿಷ್ಠ ಕೂಲಿ ತಿಂಗಳಿನಿಂದ ದಿನಕ್ಕ ಇಳಿಸ್ಬೇಕಾದ್ರ 26ಕ್ಕ ಭಾಗಿಸ್ತಾರ, ವಾರದ ಸೂಟಿ ಅದ್ರಾಗೇ ಸೇರಿರ್ತದ. ಕೆಲವು ಕಡಿ 30ಕ್ಕ ಭಾಗಿಸಿ ಹಜೇರಿ ರೇಟ್ ಹಚ್ತಾರ, ಮತ್ತ ಐತವಾರದ ರೊಕ್ಕನೂ ಕೊಡಂಗಿಲ್ಲ. 13,000 ಅಂತ ಹಿಡದ್ರ 26ಕ್ಕ 500, 30ಕ್ಕ 433. ತಿಂಗಳಾ 26 ದಿನ ದುಡಿದ್ರೂ 1,700 ರೂಪಾಯಿ ಮ್ಯಾಲ ಹೋಯ್ತು. ತುಟ್ಟಿ ಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕ ಬದಲಾಗ್ತದ, ಆಫೀಸಿನೋರ ಪಗಾರ ಏರಿದಾಗ ಹಜೇರಿ ರೇಟ್ ಏರ್ಯದೋ ಇಲ್ಲೋ ನೋಡ್ಕೋರಿ.

ಸೂಟಿ ವಿಷಯ. ಫ್ಯಾಕ್ಟರಿಯೊಳಗ ರಾಜ್ಯದ 1963ರ ಕಾಯ್ದೆ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಮತ್ತ ಐದು ಹಬ್ಬದ ಸೂಟಿ, ಇವು ಪಗಾರ ಸಹಿತ, ದಿನಗೂಲಿಯೋರಿಗೂ. ಅವತ್ತು ಕೆಲಸಕ್ಕ ಕರದ್ರ ಡಬಲ್, ಇಲ್ಲಾ ಆ ದಿನದ ರೊಕ್ಕ ಕೊಟ್ಟು ಇನ್ನೊಂದು ದಿನ ಸೂಟಿ. ವೋಟಿಂಗ್ ದಿನ ಅಂತೂ ದೇಶದ ತುಂಬ ಒಂದೇ ರೂಲ್, ಜನಪ್ರತಿನಿಧಿ ಕಾಯ್ದೆ 135ಬಿ, ಹಜೇರಿ ಮನಷ್ಯಾಗೂ ಅವತ್ತಿನ ಕೂಲಿ ಕೊಡ್ಬೇಕು. ವರ್ಷದ ರಜಾ ಅಂತ ಒಂದದ, ದುಡಿದ ಪ್ರತಿ 20 ದಿನಕ್ಕ ಒಂದು. ಮೊದ್ಲು ಫ್ಯಾಕ್ಟರಿಯೊಳಗ ಇದಕ್ಕ 240 ದಿನ ತುಂಬ್ಬೇಕಿತ್ತು, ಹೊಸ ಕೋಡ್‌ದಾಗ 180 ಮಾಡ್ಯಾರ. ಮಸ್ಟರ್‌ದಾಗ ನಡುನಡುವ ಹೆಸರು ಕಡದು ಮತ್ತ ಹಚ್ಚೋ ಚಾಳಿ ಯಾಕ ಅದ ಅಂತ ಈಗ ತಿಳೀತಲ್ಲ.

ಬ್ಯಾಸಗಿದು ಬ್ಯಾರೆನೇ ಕಥಿ. ಏಪ್ರಿಲ್ ಮೇಗ ನಮ್ಮ ವಿಭಾಗದ ಸರ್ಕಾರಿ ಆಫೀಸ್ ಮುಂಜಾನಿ 8ರಿಂದ ಮಧ್ಯಾಹ್ನ 1:30 ಮಾಡ್ತಾರ, ಬಿಸಿಲು ಅಂತ. ಪ್ರೈವೇಟ್‌ಗಿ ಆ ಆದೇಶ ಹತ್ತಂಗಿಲ್ಲ ನಿಜ, ಆದ್ರ ಗೋಡೌನ್ ಒಳಗ ತಗಡಿನ ಕೆಳಗ ಚೀಲ ಹೊರೋರಿಗಿ ಟ್ಯಾಂಕಿನ ಬಿಸಿ ನೀರು, ಆಫೀಸಿನೋರಿಗಿ ಕೂಲರ್ ನೀರು, ಮತ್ತ "ಅಲ್ಲಿ ನೀರು ಕುಡೀಬ್ಯಾಡ್ರಿ" ಅನ್ನೋ ರೂಲ್, ಇದಕ್ಕಿಂತ ಹಲ್ಕಟ್ ರೂಲ್ ನಾ ನೋಡಿಲ್ಲ. ಕುಡಿಯೋ ನೀರು, ಸಂಡಾಸ, ಕೈ ತೊಳಿಯೋ ಜಾಗ ಕೆಲಸ ಮಾಡೋ ಎಲ್ಲರಿಗೂ ಕೊಡ್ಬೇಕು, ನೂರು ಮಂದಿ ಇದ್ರ ಕ್ಯಾಂಟೀನ್, ಆ ನೂರರಾಗ ಕಾಂಟ್ರಾಕ್ಟ್ ಮಂದಿನೂ ಎಣಿಸ್ಬೇಕು. ಶಿಫ್ಟ್ ಟೈಮ್ ಮುಂಜಾನಿ ಆರಕ್ಕ ತಗೋರಿ ಅಂತ ಕೇಳೋದಕ್ಕ ಕಾಯ್ದೆ ಏನೂ ಬೇಕಾಗಿಲ್ಲ, ಮಾಲು ಕೆಡಂಗಿಲ್ಲ ಮಂದಿ ಬೀಳಂಗಿಲ್ಲ ಅಂತ ಲಾಭದ ಮಾತಿನ್ಯಾಗ ಹೇಳಿದ್ರ ಸಾಹುಕಾರ್ರು ಒಪ್ತಾರ.

ಓಟಿ. ದಿನಕ್ಕ, ವಾರಕ್ಕ ಇಷ್ಟು ಅಂತ ಇರೋದು ಮೀರಿದ್ರ ಡಬಲ್ ರೇಟ್, ವಾರಕ್ಕ 48 ತಾಸು. ಸಿಂಗಲ್ ಕೊಟ್ಟು "ಓಟಿ ಕೊಟ್ಟೀವಿ" ಅನ್ನೋದು ನಮ್ಮ ಕಡಿ ಮಾಮೂಲಿ, ಮ್ಯಾಲಿನ ಲೆಕ್ಕಕ್ಕ 20 ತಾಸಿಗಿ 1,250 ಕೊಡ್ತಾರ, ಕೊಡಬೇಕಾದ್ದು 2,500. ಪಗಾರದ ಹುಡುಗರೇ, ನಿಮಗೂ ಇದು ಅದ. ಬಿಲ್ ಹೊಡಿಯೋನು, ತೂಕ ಮಾಡೋನು, ಸ್ಟೋರ್ ನೋಡೋನು ತಿಂಗಳಿಗಿ ಪಗಾರ ತಗೊಂಡ ಮಾತ್ರಕ್ಕ ಓಟಿ ಬಿಟ್ಟು ಹೋಗಂಗಿಲ್ಲ. ಕಾರ್ಡ್ ಮ್ಯಾಲ ಸೂಪರ್ವೈಜರ್ ಅಂತ ಬರದು ಓಟಿ ತಪ್ಪಿಸ್ತಾರ, ಆದ್ರ ಕೇಸ್ ಆದ್ರ ಹೆಸರು ನೋಡಂಗಿಲ್ಲ, ಖರೇ ಏನು ಕೆಲಸ ಮಾಡ್ತಿದ್ರಿ ಅಂತ ನೋಡ್ತಾರ. ನಿಮ್ಮ ಕೈ ಕೆಳಗ ಯಾರೂ ಇಲ್ಲ, ರಜಾ ಕೊಡೋ ಅಧಿಕಾರ ಇಲ್ಲ, ಎಂಥಾ ಸೂಪರ್ವೈಜರ್ ನೀವು?

ಉಳಿದವು ಜಲ್ದಿ ಹೇಳ್ತೀನಿ. ಪಿಎಫ್ 20 ಮಂದಿ ಇದ್ರ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) 10 ಮಂದಿ ಇದ್ರ ಮತ್ತ ಪಗಾರ 21,000 ಒಳಗ ಇದ್ರ, ಹಜೇರಿಯೋರಿಗೂ ಗುತ್ತೇದಾರನ ಮಂದಿಗೂ ಅದ. ಇಎಸ್‌ಐ ಇಲ್ಲಂದ್ರ ಸೇಡಂ ರೋಡಿನ ಅಷ್ಟು ದೊಡ್ಡ ಇಎಸ್‌ಐ ದವಾಖಾನಿ ನಿಮಗ ಇದ್ದೂ ಇಲ್ಲದಂಗ, ಅದಕ್ಕ ನಿಮ್ಮ ಇಎಸ್‌ಐ ನಂಬರ್ ಇಸ್ಕೋರಿ. ಬೋನಸ್ ಸಿಗ್ಲಾಕ ವರ್ಷದಾಗ 30 ದಿನ ದುಡಿದಿದ್ರ ಸಾಕು, ಕಮ್ಮಿ ಅಂದ್ರ ನೂರಕ್ಕ 8.33, ದೀಪಾವಳಿಗಿ ಒಂದು ಸ್ವೀಟ್ ಡಬ್ಬಿ ಕೊಟ್ಟು ಮುಗಿಸೋದು ಬೋನಸ್ ಅಲ್ಲ. ಹೆಣ್ಮಕ್ಕಳಿಗಿ ಹೆರಿಗಿ ರಜಾ 26 ವಾರದ ತನಕಾ, ಹಿಂದಿನ 12 ತಿಂಗಳಾಗ 80 ದಿನ ದುಡಿದಿರ್ಬೇಕು, ಮಸ್ಟರ್ ರೋಲ್ ಮ್ಯಾಲ ಇರೋರಿಗೂ ಕೊಡ್ಬೇಕಂತ ಸುಪ್ರೀಂ ಕೋರ್ಟ್ 2000ದಾಗೇ ದಿಲ್ಲಿ ಮಹಾನಗರ ಪಾಲಿಕೆ ಕೇಸಿನ್ಯಾಗ ಹೇಳ್ಯದ.

ಈಗ ಹೆಂಗ ಕೇಳೋದು. ಒಬ್ಬರೇ ಹೋಗ್ಬ್ಯಾಡ್ರಿ, ಒಬ್ಬ ಹಜೇರಿಯೋನು ಒಬ್ಬ ಪಗಾರದೋನು ಕೂಡೇ ಹೋಗ್ರಿ, ಎರಡೂ ಕಡಿ ಮಂದಿದು ಕೇಳಿದಂಗ ಆಗ್ತದ. ಸಾಹುಕಾರ್ರು ಊಟ ಮಾಡಿ ಕುಂತಾಗ ಹೋಗ್ರಿ, ಲೋಡ್ ತುಂಬೋ ಹೊತ್ತಿನ್ಯಾಗ ಬ್ಯಾಡ. ಎಲ್ಲಾ ಒಮ್ಮೆಲೇ ಕೇಳ್ಬ್ಯಾಡ್ರಿ, ಲೆಕ್ಕ ಇರೋ ಒಂದೆರಡು ಕೇಳ್ರಿ. ಬಾಯಿ ಮಾತಿಗಿ ಆಗ್ಲಿಲ್ಲಂದ್ರ ಅರ್ಜಿ, ಹಿಂಗ ಸಣ್ಣದು ಸಾಕು:

"ಮಾನ್ಯರೇ, ಈ ತಿಂಗಳು 4, 11 ಮತ್ತು 19ನೇ ತಾರೀಖು ನಾನು 15 ನಿಮಿಷ ತಡವಾಗಿ ಬಂದಿದ್ದು, ಪ್ರತಿ ದಿನ ಅರ್ಧ ದಿನದ ಕೂಲಿ ಕಡಿತ ಮಾಡಲಾಗಿದೆ. ತಡವಾದ ಅವಧಿಗೆ ಮಾತ್ರ ಕಡಿತ ಮಾಡಿ ಉಳಿದ ಮೊತ್ತವನ್ನು ಪಾವತಿಸಬೇಕೆಂದು ಹಾಗೂ ಎಲ್ಲ ನೌಕರರಿಗೂ ಅನ್ವಯವಾಗುವ ನಿಯಮವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ಕೋರುತ್ತೇನೆ."

ಎರಡು ಕಾಪಿ ಮಾಡ್ರಿ, ಒಂದರ ಮ್ಯಾಲ ಸಹಿ ಸಿಕ್ಕಾ ತಗೋರಿ, ಕೊಡಂಗಿಲ್ಲ ಅಂದ್ರ ಸ್ಪೀಡ್ ಪೋಸ್ಟ್ ಹಾಕ್ರಿ, ರಸೀದಿ ಇಟ್ಕೋರಿ. ಸಿಟ್ಟಿಗಿ ಬಂದು ನಾಳಿ ಯಾರೂ ಕೆಲಸಕ್ಕ ಬರೋದು ಬ್ಯಾಡ ಅಂತ ಮಾತ್ರ ಮಾಡ್ಬ್ಯಾಡ್ರಿ. ಹತ್ತು ಮಂದಿ ಇಲ್ಲಾ ಅದಕ್ಕಿಂತ ಜಾಸ್ತಿ ಕೂಡಿ ನೋಟಿಸ್ ಇಲ್ಲದಂಗ, ಸರಿಯಾದ ಕಾರಣ ಇಲ್ಲದಂಗ ಗೈರಾದ್ರ, ಕರಾರಿನ್ಯಾಗ ಹಂಗ ಇದ್ರ ಎಂಟು ದಿನದ ಪಗಾರದ ತನಕಾ ಕಟ್ ಮಾಡ್ಲಾಕ ಅದೇ 20ನೇ ಸೆಕ್ಷನ್ ಬಿಡ್ತದ. ನಿಮ್ಮ ಕೈಯಾಗಿನ ಕಾಯ್ದೆ ಅವ್ರ ಕೈಗಿ ಹೋಗ್ತದ.

ಉತ್ತರ ಬರ್ಲಿಲ್ಲಂದ್ರ ಕಾರ್ಮಿಕ ಇಲಾಖೆ. ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲಾದಾಗ ಆಫೀಸ್ ಅದ, ಸಹಾಯವಾಣಿ 155214. ಸುಣ್ಣದ ಕಲ್ಲಿನ ಗಣಿ, ರೈಲ್ವೆ ಕೆಲಸ ಇದ್ರ ಅದು ಕೇಂದ್ರದ ಲೇಬರ್ ಆಫೀಸಿಗಿ ಹೋಗ್ತದ, ರಾಜ್ಯದ ಆಫೀಸಿಗಿ ಅಲೆದು ಚಪ್ಪಲಿ ಸವಿಸ್ಬ್ಯಾಡ್ರಿ. ಪಗಾರದ ಕ್ಲೇಮ್ ಹಾಕ್ಲಾಕ ಹೊಸ ಸಂಹಿತೆದಾಗ ಮೂರು ವರ್ಷ ಟೈಮ್ ಕೊಟ್ಟಾರ, ಮತ್ತ ರೊಕ್ಕ ಕೊಟ್ಟೀವಿ ಅಂತ ಸಾಬೀತು ಮಾಡೋದು ಮಾಲಕರ ಜವಾಬ್ದಾರಿ. ವಕೀಲರ ಫೀಗಿ ಹೆದರಬ್ಯಾಡ್ರಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಹೆಣ್ಮಕ್ಕಳಿಗಿ, ಎಸ್‌ಸಿ ಎಸ್‌ಟಿಯೋರಿಗಿ, ಫ್ಯಾಕ್ಟರಿ ಕೆಲಸಗಾರರಿಗಿ ಪುಕ್ಕಟೆ ವಕೀಲರನ್ನ ಕೊಡ್ತಾರ, ನಂಬರ್ 15100.

ಕಡೀಕ ನನ್ನಂಗ ಮಸ್ಟರ್ ಬರಿಯೋರಿಗಿ. ಸಾಹುಕಾರ್ರು ರೂಲ್ ಬದಲು ಮಾಡೋ ತನಕಾ ಕಾಯ್ಬ್ಯಾಡ್ರಿ, ಮುಂದಿನ ತಿಂಗಳ ಹಾಳಿ ಹಚ್ಚಬೇಕಾದ್ರ "ಅರ್ಧ" ಅನ್ನೋ ಖಾನೆ ತಗದು "ತಡ ಆದ ನಿಮಿಷ" ಅಂತ ಒಂದು ಖಾನೆ ಹಚ್ರಿ, ಅದ್ರ ಮಗ್ಗಲಕ್ಕ "ಮಾಲಕರ ಕಡಿಂದ ಕೆಲಸ ಇಲ್ಲ" ಅಂತ ಇನ್ನೊಂದು, ಮತ್ತ ಆಫೀಸಿನೋರ ಹೆಸರೂ ಅದೇ ಹಾಳಿ ಮ್ಯಾಲ ಬರೀರಿ. ಇನ್ಸ್‌ಪೆಕ್ಷನ್ ಬಂದ್ರ ಬಚಾವ್ ಆಗ್ತೀರಿ ಅಂತ ಸಾಹುಕಾರ್ರಿಗಿ ಹೇಳ್ರಿ, ಅದಕ್ಕ ಯಾರೂ ಬ್ಯಾಡ ಅನ್ನಂಗಿಲ್ಲ.