ಔಟಾಗಿ ಕುಳಿತ ಹುಡುಗನನ್ನು ನೋಡಿ: ಎಳೆಯ ಕಬಡ್ಡಿ ರೈಡರ್‌ಗಳ ಮನೋಗುಣ ಅರಿಯುವ ಬಗೆ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಊರುಗಳಲ್ಲಿ ಜಾತ್ರೆಯ ಹೊತ್ತಿಗೆ ದೀಪ ಹಾಕಿ ರಾತ್ರಿಯೆಲ್ಲ ಆಡಿಸುವ ಕಬಡ್ಡಿ ಪಂದ್ಯಗಳಿಗೆ ಒಳ್ಳೆಯ ರೈಡರ್‌ನನ್ನು, ಎಂದರೆ ಎದುರಾಳಿಯ ಅಂಕಣಕ್ಕೆ ಒಬ್ಬನೇ ನುಗ್ಗಿ ಅಂಕ ತರುವ ಆಟಗಾರನನ್ನು, ಹುಡುಕಿಕೊಂಡು ಹೋಗುವ ತರಬೇತುದಾರರು ಮತ್ತು ದೈಹಿಕ ಶಿಕ್ಷಕರು ಸಾಮಾನ್ಯವಾಗಿ ಹುಡುಗನ ಕಾಲಿನ ವೇಗವನ್ನೂ ಅವನು ತಂದ ಅಂಕಗಳನ್ನೂ ಬರೆದುಕೊಂಡು ಬರುತ್ತಾರೆ. ಅವೆರಡೂ ಬೇಕು. ಆದರೆ ಹದಿನಾಲ್ಕು, ಹದಿನೈದು ವರ್ಷದ ಹುಡುಗನ ವೇಗವನ್ನು ತರಬೇತಿಯಿಂದ ಹೆಚ್ಚಿಸಬಹುದು, ಕಾಲು ಚಾಚುವುದನ್ನು, ಹಿಮ್ಮಡಿ ಒದೆತವನ್ನು ಕಲಿಸಬಹುದು. ಏಳು ಜನರ ಎದುರು 30 ಸೆಕೆಂಡು ಒಬ್ಬನೇ ನಿಂತು ತೀರ್ಮಾನ ಮಾಡುವ ಮನಸ್ಸು, ಸೋತ ಮೇಲೆ ಮತ್ತೆ ಅಲ್ಲಿಗೇ ಹೋಗುವ ಛಲ ಎಷ್ಟಿದೆ ಎಂಬುದನ್ನು ಮಾತ್ರ ಆರಿಸುವಾಗಲೇ ಕಣ್ಣಿಟ್ಟು ನೋಡಬೇಕಾಗುತ್ತದೆ.

ಇದಕ್ಕೆ ಕಬಡ್ಡಿಯ ನಿಯಮವೇ ನಮಗೊಂದು ಅನುಕೂಲ ಮಾಡಿಕೊಟ್ಟಿದೆ. ಔಟಾದ ಆಟಗಾರ ಹೊರಗೆ ಕುಳಿತು, ತನ್ನ ತಂಡ ಅಂಕ ಗಳಿಸಿ ತನ್ನ ಸರದಿ ಬರುವವರೆಗೆ ಕಾಯಲೇಬೇಕು. ಜನರೆಲ್ಲ ಅಂಕಣದ ಕಡೆ ನೋಡುತ್ತಿರುವಾಗ ನೀವು ಆ ಕುಳಿತ ಹುಡುಗನನ್ನು ನೋಡಿರಿ. ಒಬ್ಬನು ತಲೆ ತಗ್ಗಿಸಿ ಮಣ್ಣು ಕೆದಕುತ್ತಿರುತ್ತಾನೆ, ಇನ್ನೊಬ್ಬನು ತನ್ನನ್ನು ಒಬ್ಬಂಟಿಯಾಗಿ ಬಿಟ್ಟರೆಂದು ಜೊತೆಯವರನ್ನು ದೂರುತ್ತಾನೆ, ಮತ್ತೊಬ್ಬನು ತನ್ನನ್ನು ಹಿಡಿದ ಕಾರ್ನರ್ ಆಟಗಾರ (ಅಂಕಣದ ಅಂಚಿನಲ್ಲಿ ನಿಂತು ಹಿಡಿಯುವವನು) ಯಾವ ಕಾಲು ಮುಂದಿಟ್ಟು ನಿಲ್ಲುತ್ತಾನೆಂದು ಗಮನಿಸುತ್ತ, ಎದುರಾಳಿ ಎಷ್ಟು ಜನ ಉಳಿದಿದ್ದಾರೆಂದು ಒಳಗಿರುವವರಿಗೆ ಕೂಗಿ ಹೇಳುತ್ತಿರುತ್ತಾನೆ. ನನ್ನ ಅನುಭವದಲ್ಲಿ ಈ ಮೂರನೆಯವನು ಆ ದಿನ ಎರಡೇ ಅಂಕ ತಂದಿದ್ದರೂ ಅವನ ಹೆಸರನ್ನು ಮೊದಲು ಬರೆದುಕೊಳ್ಳಬೇಕು. ತಲೆ ತಗ್ಗಿಸಿದವನನ್ನು ಅಷ್ಟಕ್ಕೇ ಕೈಬಿಡಬಾರದು, ಏಕೆಂದರೆ ನಾಚಿಕೆ ಬೇರೆ, ನಿರಾಸಕ್ತಿ ಬೇರೆ. ಅವನ ವಿಷಯವನ್ನು ಮುಂದಿನ ರೈಡ್ ತಿಳಿಸುತ್ತದೆ.

ಮರಳಿ ಒಳಗೆ ಬಂದ ಮೇಲಿನ ಆ ಮೊದಲ ರೈಡನ್ನು ತಪ್ಪದೆ ನೋಡಿರಿ. ಸಿಟ್ಟಿನ ಹುಡುಗ ತನ್ನನ್ನು ಹಿಡಿದವನನ್ನೇ ಹುಡುಕಿಕೊಂಡು ಹೋಗಿ ಮತ್ತೆ ಸಿಕ್ಕಿಬೀಳುತ್ತಾನೆ, ಹೆದರಿದವನು ರೈಡರ್ ದಾಟಲೇಬೇಕಾದ ಬಾಕ್ ಲೈನ್ ಎಂಬ ಗೆರೆಯನ್ನು ದಾಟಿದ ಶಾಸ್ತ್ರ ಮಾಡಿ ಓಡಿ ಬರುತ್ತಾನೆ. ಆರು ಅಥವಾ ಏಳು ಜನ ಎದುರಿಗಿದ್ದಾರೆಂದು ಲೆಕ್ಕ ಹಾಕಿ, ಅಷ್ಟು ಜನರಿದ್ದಾಗ ಮಾತ್ರ ಹೆಚ್ಚುವರಿ ಅಂಕ ಕೊಡುವ ಬೋನಸ್ ಗೆರೆಯ ಕಡೆ ಕಾಲಿಡಲು ಯತ್ನಿಸುವವನು ಪೆಟ್ಟು ತಿಂದ ಮೇಲೂ ಯೋಚನೆ ಮಾಡಬಲ್ಲ ಹುಡುಗ. ಇದೇ ರೀತಿ, ತಂಡ ಮುಂದಿದ್ದು ಕೊನೆಯ ನಿಮಿಷ ನಡೆಯುತ್ತಿರುವಾಗ ಅಂಕದ ಆಸೆ ಬಿಟ್ಟು ಸಮಯ ಕಳೆದು ಬಾ ಎಂದು ಹೇಳಿ ಕಳಿಸಿ ನೋಡಿರಿ. ಚಪ್ಪಾಳೆಗೆ ಆಡುವವನಿಗೆ ಅಂಕವಿಲ್ಲದೆ ಮರಳುವುದು ಬಹಳ ಕಷ್ಟ.

ಪ್ರಾಮಾಣಿಕತೆಯ ಪರೀಕ್ಷೆಯೂ ಅಂಕಣದಲ್ಲೇ ಆಗುತ್ತದೆ. ಊರಿನ ಪಂದ್ಯಗಳಲ್ಲಿ ನಿರ್ಣಾಯಕರ ಕಣ್ಣು ಎಲ್ಲ ಗೆರೆಗಳ ಮೇಲೂ ಇರುವುದಿಲ್ಲ. ಹಾನಗಲ್ ಕಡೆಯ ಒಂದು ಪಂದ್ಯದಲ್ಲಿ ಅಂಕ ಕೊಟ್ಟಾದ ಮೇಲೆ ಒಬ್ಬ ಹುಡುಗ ತಾನೇ ಮುಂದೆ ಬಂದು, "ಸರ, ನನ್ನ ಕಾಲ ಹೊರಗಿನ ಗೆರಿ ದಾಟಿತ್ತರಿ" ಎಂದದ್ದು ನನಗೆ ಇಂದಿಗೂ ನೆನಪಿದೆ. ಅವನ ಕಡೆಯವರೇ ಅವನನ್ನು ಬೈದರು. ನಾನು ಮಾತ್ರ ಆ ರಾತ್ರಿಯೇ ಅವನ ಮನೆಯ ದಾರಿ ಕೇಳಿದೆ, ಏಕೆಂದರೆ ಅಂಥವನು ಮುಂದೆ ತನ್ನ ನೋವನ್ನೂ ವಯಸ್ಸಿನ ದಾಖಲೆಯನ್ನೂ ತರಬೇತುದಾರನಿಂದ ಮುಚ್ಚಿಡುವುದಿಲ್ಲ.

ಮಾತನಾಡಿಸುವಾಗ ಕಬಡ್ಡಿ ಏಕೆ ಇಷ್ಟ ಎಂದು ಕೇಳಬೇಡಿರಿ, ಅದಕ್ಕೆ ಎಲ್ಲರ ಬಳಿಯೂ ಒಂದೇ ಉತ್ತರವಿರುತ್ತದೆ. ಕಳೆದ ಸಲ ಸೋತ ಪಂದ್ಯವನ್ನು ಹೇಳು ಎನ್ನಿರಿ. ಯಾವ ರೈಡಿನಲ್ಲಿ ಆಟ ಕೈತಪ್ಪಿತು, ಆಗ ಕಾರ್ನರ್‌ನವರ ಒಳಬದಿಗೆ ನಿಲ್ಲುವ ಕವರ್ ಆಟಗಾರರು ಎಲ್ಲಿದ್ದರು, ತಾನು ಏನು ತಪ್ಪು ಮಾಡಿದೆ ಎಂದು ವಿವರವಾಗಿ ಹೇಳುವವನು ಆಟವನ್ನು ಮನೆಗೂ ಒಯ್ದಿರುತ್ತಾನೆ.

ಆಸಕ್ತಿಯನ್ನು ಅಳೆಯುವಲ್ಲಿ ನಾನೇ ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಬ್ಯಾಡಗಿ ತಾಲ್ಲೂಕಿನ ಹುಡುಗನೊಬ್ಬ ಎರಡು ವಾರ ಅಭ್ಯಾಸಕ್ಕೆ ಬರಲಿಲ್ಲವೆಂದು ಅವನ ಹೆಸರನ್ನು ಹೊಡೆದುಹಾಕಿದೆ. ಅದು ಮೆಣಸಿನಕಾಯಿ ಬಿಡಿಸುವ ಕಾಲವೆಂಬುದು ನನಗೆ ಗೊತ್ತಿತ್ತು, ಆದರೂ ವಿಚಾರಿಸಲಿಲ್ಲ. ಆ ದಿನಗಳಲ್ಲಿಯೂ ಅವನು ಸಂಜೆ ಹೊಲದ ಬದುವಿನ ಮೇಲೆ ಓಡುತ್ತಿದ್ದನೆಂದು ಅವನ ಅವ್ವ ಹೇಳಿದಾಗ ತಂಡದ ಆಯ್ಕೆ ಮುಗಿದಿತ್ತು. ಆದ್ದರಿಂದ ಹಾಜರಿ ಪುಸ್ತಕ ನೋಡುವ ಮುನ್ನ ಮನೆಗೆ ಹೋಗಿರಿ, ಅಪ್ಪ ಅವ್ವನೊಡನೆ ಕುಳಿತು ಮಾತನಾಡಿರಿ, ಬೆಳಿಗ್ಗೆ ಅವನನ್ನು ಯಾರಾದರೂ ಎಬ್ಬಿಸಬೇಕೇ ಎಂದು ಕೇಳಿರಿ. ಹುಡುಗಿಯರ ವಿಷಯದಲ್ಲಿ ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂಬುದನ್ನೂ ಕೇಳಬೇಕು, ಏಕೆಂದರೆ ಬೇಗ ಹೊರಡುವವಳಿಗೆ ಆಸಕ್ತಿಯಿಲ್ಲವೆಂದು ಎಷ್ಟೋ ಜನ ತಿಳಿದುಬಿಡುತ್ತಾರೆ.

ಕ್ರೀಡಾ ಕೋಟಾದಲ್ಲಿ ನೌಕರಿ ಸಿಗಲೆಂದು ಆಡುತ್ತೇನೆ ಎನ್ನುವ ಹುಡುಗನನ್ನು ಕೀಳಾಗಿ ಕಾಣುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಆಟಗಾರರಿಗೆ ನೌಕರಿ ಕೊಡುವ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೇ ಹುಬ್ಬಳ್ಳಿಯಲ್ಲಿರುವಾಗ ಒಕ್ಕಲು ಮನೆಯ ಹುಡುಗ ಆ ಕನಸು ಕಾಣುವುದು ಸಹಜ, ಮತ್ತು ಮನೆಯ ಭಾರ ಹೊರುವ ಉದ್ದೇಶವು ಹೆಸರಿನ ಆಸೆಗಿಂತ ಹೆಚ್ಚು ದಿನ ಬಾಳುತ್ತದೆ. ಎಚ್ಚರ ವಹಿಸಬೇಕಾದದ್ದು ಅಪ್ಪನ ಆಸೆಗಾಗಿ ಮಾತ್ರ ಆಡುವ ಹುಡುಗನ ವಿಷಯದಲ್ಲಿ.

ಒಂದೇ ಪಂದ್ಯ ನೋಡಿ ಯಾರನ್ನೂ ತಳ್ಳಿಹಾಕಬೇಡಿರಿ. ಪ್ರೊ ಕಬಡ್ಡಿಯ ಐದನೆಯ ಆವೃತ್ತಿಯಲ್ಲಿ ಗುಜರಾತ್ ತಂಡದಲ್ಲಿದ್ದ ಪವನ್ ಸೆಹ್ರಾವತ್‌ಗೆ ಹೆಚ್ಚು ಅವಕಾಶ ಸಿಕ್ಕಿರಲಿಲ್ಲ. ಮರು ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್‌ಗೆ ಮರಳಿದ ಅವರು 2019ರ ಜನವರಿ 5ರ ಫೈನಲ್‌ನಲ್ಲಿ ಅದೇ ಗುಜರಾತ್ ವಿರುದ್ಧ 22 ಅಂಕ ತಂದು ತಂಡವನ್ನು 38-33ರಿಂದ ಗೆಲ್ಲಿಸಿದರು. ಒಬ್ಬ ಹುಡುಗನನ್ನು ಕನಿಷ್ಠ ಮೂರು ಸಲ ನೋಡಬೇಕೆಂಬುದು ನಾನು ಇಟ್ಟುಕೊಂಡ ಪದ್ಧತಿ: ಗೆದ್ದ ದಿನ ಒಮ್ಮೆ, ಸೋತ ದಿನ ಒಮ್ಮೆ, ಪಂದ್ಯವೇ ಇಲ್ಲದ ಸಾಮಾನ್ಯ ಬೆಳಿಗ್ಗೆ ಒಮ್ಮೆ. ಮೂರನೆಯ ಸಲ ಮೊದಲೇ ತಿಳಿಸದೆ ಹೋಗಿ, ಅಂಕಣಕ್ಕೆ ನೀರು ಹೊಡೆದು ಗೆರೆ ಎಳೆಯುವ ಹೊತ್ತಿಗೆ ಅವನು ಬಂದಿರುತ್ತಾನೋ, ಗೆರೆ ಎಳೆದಾದ ಮೇಲೆ ಬರುತ್ತಾನೋ ಎಂದು ನೋಡಿರಿ.