ಮಳೆಗಾಲದಲ್ಲಿ ಬಿಗಿದುಕೊಳ್ಳುವ ಮಡಚು ಚಾಕು: ನನ್ನ ಅನುಭವ

ಬೀಚ್ ಮರದ ಹಿಡಿಯ ನನ್ನ ಫ್ರೆಂಚ್ ಮಡಚು ಚಾಕು ಜೂನ್ ಬಂದೊಡನೆ ಬಿಗಿದುಕೊಳ್ಳುತ್ತಿತ್ತು. ಉಗುರು ಕಿತ್ತುಬರುವಂತೆ ಎಳೆದರೂ ಅಲಗು ಏಳುತ್ತಿರಲಿಲ್ಲ. ಅಲಗು ತಿರುಗುವ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ, ಸೀಮೆಎಣ್ಣೆ ಬಿಟ್ಟರೂ ಪ್ರಯೋಜನವಾಗಲಿಲ್ಲ. ಬಿಸಿಲಿಗಿಟ್ಟರೆ ಸಡಿಲ, ಮುಂದಿನ ಮಳೆಗೆ ಮತ್ತೆ ಬಿಗಿ. ತೊಂದರೆ ಕೀಲಿನದಲ್ಲ, ತೇವ ಹೀರಿ ಊದಿದ ಮರದ್ದು.

ಬಿಸಿಲಿನ ದಿನ ಅಲಗು ತೆರೆದು ಟೇಪು ಸುತ್ತಿ, ಅಲಗು ತಾನಾಗಿ ಮಡಚದಂತೆ ಹಿಡಿದಿಡುವ ಬೀಗದ ಬಳೆಯನ್ನು ಇಕ್ಕಳದಿಂದ ಅಗಲಿಸಿ ತೆಗೆದೆ. ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿ ಒಂದು ವಾರ ಇಟ್ಟೆ. ಒಣಗಿಸದೆ ಎಣ್ಣೆ ಹಚ್ಚಿದರೆ ತೇವ ಒಳಗೇ ಉಳಿಯುತ್ತದೆ. ಈ ಕ್ರಮ ತಪ್ಪಬಾರದು. ಆಮೇಲೆ 220 ಗ್ರಿಟ್‌ನ (ನಯವಾದ) ಮರಳು ಕಾಗದವನ್ನು ಮಡಚಿ, ಕೀಲಿನ ಬಳಿ ಅಲಗು ಕೂರುವ ಸೀಳಿನ ಎರಡೂ ಒಳಬದಿಗಳನ್ನು 20 ಬಾರಿ ಉಜ್ಜಿದೆ. ಅತಿಯಾದರೆ ಅಲಗು ಅಲ್ಲಾಡುತ್ತದೆ. ನಂತರ ಮರಕ್ಕೆ ಬೇಯಿಸಿದ ಅಗಸೆ ಎಣ್ಣೆ (ಅಂಗಡಿಯಲ್ಲಿ ‘ಬಾಯ್ಲ್ಡ್ ಲಿನ್ಸೀಡ್ ಆಯಿಲ್’ ಎಂದು ಸಿಗುವುದು), 24 ಗಂಟೆಗಳ ಅಂತರದಲ್ಲಿ ಮೂರು ಸಲ. ಪ್ರತಿ ಸಲವೂ 15 ನಿಮಿಷ ಬಿಟ್ಟು ಒರೆಸಬೇಕು. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆಯಬೇಡಿ, ತಾನಾಗಿ ಹೊತ್ತಿಕೊಳ್ಳಬಹುದು, ಹರಡಿ ಒಣಗಿಸಿ. ಬಳೆಯನ್ನು ಕೊನೆಗೆ ಮತ್ತೆ ಹಾಕಿದೆ.