ಮುಂಭಾರ, ಹಿಂಭಾರ: ಟ್ರೇಲರ್ ಕಟ್ಟಿ ನಾನು ಕಲಿತ ತೂಕದ ಲೆಕ್ಕ

ಮಂಡ್ಯದಿಂದ ಅಪ್ಪ ಅಮ್ಮ ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಬಂದಿದ್ದರು. ಕ್ಯಾಂಪಿಂಗಿಗೆಂದು ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣವೆಂದು ಆರು ಜನ ಹೊರಟೆವು. ನಮ್ಮ ಕಾರು 5,000 ಪೌಂಡ್ ಎಳೆಯಬಲ್ಲದು. ಸಾಮಾನು ತುಂಬಿದ ಟ್ರೇಲರ್ 3,700. ಇಷ್ಟೇ ನೋಡಿ ನಿಶ್ಚಿಂತೆಯಾಗಿದ್ದೆ.

ಡ್ರೈವರ್ ಬಾಗಿಲು ತೆರೆದರೆ ಪಕ್ಕದ ಕಂಬದಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ: ಜನ, ಸಾಮಾನು ಸೇರಿ ಕಾರು ಹೊರಬಹುದಾದ ತೂಕ. ನಮ್ಮದು 1,350. ಟ್ರೇಲರಿನ ಕೊಂಡಿ ಕಾರಿನ ಮೇಲೆ ಹಾಕುವ ಭಾರ, ಅಂದರೆ ಟಂಗ್ ವೇಟ್, ಅದೂ ಇದೇ ಲೆಕ್ಕಕ್ಕೆ ಬರುತ್ತದೆ.

ಹಿಂದಿನ ದಿನವೇ ಎಲ್ಲರನ್ನೂ ಕೂರಿಸಿಕೊಂಡು ಟ್ರಕ್ ಸ್ಟಾಪಿನ ವೇಬ್ರಿಡ್ಜಿಗೆ ಹೋದೆ. ಟ್ರೇಲರ್ ಕಟ್ಟಿ ತೂಗಿಸಿದಾಗ ಕಾರಿನ ಎರಡು ಆಕ್ಸಲ್ (ಚಕ್ರದ ಅಚ್ಚು) ಮೇಲೆ 6,130. ಬಿಚ್ಚಿಟ್ಟು ತೂಗಿಸಿದಾಗ 5,650. ವ್ಯತ್ಯಾಸ 480, ಅದೇ ಕೊಂಡಿಯ ಭಾರ. ಕಾರಿನ ಸ್ವಂತ ತೂಕ, ಹೊರೆ ಎಲ್ಲ ಸೇರಿ ಮಿತಿ 6,100. ಮೂವತ್ತು ಪೌಂಡ್ ಮೀರಿದ್ದಕ್ಕಿಂತ ನನ್ನನ್ನು ಹೆದರಿಸಿದ್ದು ಮುಂದಿನ ಆಕ್ಸಲ್: 2,900 ಇದ್ದದ್ದು 2,700ಕ್ಕೆ ಇಳಿದಿತ್ತು. ಮುಂದಿನ ಚಕ್ರಗಳೇ ಹಗುರಾದರೆ ಘಾಟಿಯ ತಿರುವಿನಲ್ಲಿ ಸ್ಟಿಯರಿಂಗಿಗೆ ಹಿಡಿತ ಎಲ್ಲಿಂದ ಬರಬೇಕು?

ಮನೆಗೆ ಬಂದು ಮೊದಲು ಟ್ರೇಲರಿನ ಟ್ಯಾಂಕಿನ ನೀರು ಖಾಲಿ ಮಾಡಿದೆ. 30 ಗ್ಯಾಲನ್ ಅಂದರೆ 250 ಪೌಂಡ್. ಕೊಂಡಿಯ ಕೆಳಗೆ ಪುಟ್ಟ ಸ್ಕೇಲ್ ಇಟ್ಟು ನೋಡಿದರೆ ಭಾರ 550ಕ್ಕೆ ಏರಿದೆ! ಟ್ಯಾಂಕ್ ಇರುವುದು ಟ್ರೇಲರಿನ ಆಕ್ಸಲ್ ಹಿಂದೆ. ಅಪ್ಪ ಅಂದರು: "ಹಿಂಭಾರ ತೆಗೆದ್ರೆ ಮುಂಭಾರ ಆಗ್ದೆ ಇನ್ನೇನಾಗುತ್ತೆ ಮಗ? ಗಾಡಿಗೆ ಕಬ್ಬು ಹೇರೋದು ನೋಡಿಲ್ವಾ?" ಮುಂಭಾರವಾದರೆ ಎತ್ತಿನ ಹೆಗಲಿಗೆ ಪೆಟ್ಟು, ಹಿಂಭಾರವಾದರೆ ನೊಗವೇ ಮೇಲೇಳುತ್ತದೆ. ಇಲ್ಲೂ ಹಾಗೆಯೇ. ಕೊಂಡಿಯ ಭಾರ ಟ್ರೇಲರ್ ತೂಕದ ಶೇ. 10ರಿಂದ 15ರೊಳಗೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡತೊಡಗುತ್ತದೆ, ಕಾರನ್ನೂ ಜೊತೆಗೆ ಎಳೆದಾಡುತ್ತದೆ. ನಮ್ಮದೀಗ ಶೇ. 16.

ಆಮೇಲೆ ಅಪ್ಪನೇ ನಿಂತು ಹೇರಿಸಿದರು. ಮುಂದಿನ ಪೆಟ್ಟಿಗೆಯಲ್ಲಿದ್ದ ಜ್ಯಾಕ್, ಸ್ಪ್ಯಾನರುಗಳು, ದೋಸೆ ಕಾವಲಿ ಎಲ್ಲ ಟ್ರೇಲರಿನೊಳಗೆ ಆಕ್ಸಲ್ ನೇರಕ್ಕೆ ನೆಲದ ಮೇಲೆ ಬಂದವು. ಕೊಂಡಿಯ ಮೇಲಿದ್ದ ಎರಡನೇ ಗ್ಯಾಸ್ ಸಿಲಿಂಡರ್ ಮನೆಯಲ್ಲೇ ಉಳಿಯಿತು. ಕಾರಿನ ಡಿಕ್ಕಿಯಲ್ಲಿದ್ದ ಅಕ್ಕಿ, ರಾಗಿಹಿಟ್ಟು, ಐಸ್ ಪೆಟ್ಟಿಗೆ, ಒಟ್ಟು 120 ಪೌಂಡ್, ಅವೂ ಟ್ರೇಲರಿನ ಆಕ್ಸಲ್ ನೇರಕ್ಕೇ ಹೋದವು. ಜಾರದಂತೆ ಬೆಲ್ಟ್ ಹಾಕಿ ಬಿಗಿದೆ. ಬೆಳಿಗ್ಗೆ ಹೊರಡುತ್ತ ಮತ್ತೆ ತೂಗಿಸಿದೆವು: ಕಾರು 5,960, ಕೊಂಡಿ 430, ಶೇ. 12. ನೀರನ್ನು ಕ್ಯಾಂಪ್ ಮುಟ್ಟಿದ ಮೇಲೆ ತುಂಬಿಸಿಕೊಂಡೆವು.